ಒಂದನೇ ಪಂಪಿನ ಬೇರಿಂಗೂ ಭಾವನ ಕೈಯೂ

ಸೂರ್ಯ ಹುಟ್ಟಿದ್ದಕ್ಕೆ ಯಾರ ಸಾಕ್ಷಿಯೂ ಬೇಡ. ಆದರೆ ನಮ್ಮ ಪಂಪ್‌ಹೌಸಿನ ಒಂದನೇ ಪಂಪು ಇನ್ನೂ ಬದುಕಿದೆ ಎನ್ನುವುದಕ್ಕೆ ಭಾವನ ಕೈ ಸಾಕ್ಷಿ ಹೇಳಲೇಬೇಕಿತ್ತು.

ಬೆಳಿಗ್ಗೆ ಆರು ಗಂಟೆಗೆ, ಪಾಳಿ ಬದಲಾಗುವ ಹೊತ್ತಿಗೆ, ಭಾವ ಕಬ್ಬಿಣದ ಮೆಟ್ಟಿಲು ಇಳಿದು ಬರುತ್ತಿದ್ದರು. ಯಾರ ಜೊತೆಗೂ ಮಾತಿಲ್ಲ. ನೇರವಾಗಿ ಒಂದನೇ ಪಂಪಿನ ಪಕ್ಕಕ್ಕೆ ಹೋಗಿ, ಎಣ್ಣೆ ತಣಿಸುವ ಕೂಲರಿನಿಂದ ಅದನ್ನು ಬೇರಿಂಗಿಗೆ ಒಯ್ಯುವ ಮಣಿಕಟ್ಟು ದಪ್ಪದ ಪೈಪನ್ನು ಎರಡೂ ಕೈಗಳಿಂದ ಹಿಡಿದು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಂದು ನಿಮಿಷ, ಕೆಲವು ದಿನ ಎರಡು. ಅಷ್ಟು ಹೊತ್ತು ಪಂಪ್‌ಹೌಸಿನಲ್ಲಿ ಯಾರೂ ಸೀನುತ್ತಿರಲಿಲ್ಲ. ಸಾವಿರ ಕುದುರೆ ಶಕ್ತಿಯ ಮೋಟರು ಕಿವಿ ಹರಿದುಹೋಗುವಂತೆ ಮೊರೆಯುತ್ತಿರುವಾಗ ಸೀನಿದರೆ ಕೇಳಿಸುವುದಾದರೂ ಯಾರಿಗೆ? ಆದರೂ ಸೀನುತ್ತಿರಲಿಲ್ಲ. ಫಿಟ್ಟರುಗಳು ತುದಿಗಾಲಲ್ಲಿ ನಡೆಯುತ್ತಿದ್ದರು. ಹೊಸದಾಗಿ ವರ್ಗವಾಗಿ ಬಂದ ವೆಲ್ಡರ್ ಒಬ್ಬ ಮೊದಲ ದಿನ ಗೊತ್ತಿಲ್ಲದೆ ಸುತ್ತಿಗೆ ಎತ್ತಿದಾಗ, ಅಲ್ಲಿದ್ದ ಹಿರಿಯ ಫಿಟ್ಟರ್ ಅವನ ಕೈ ಹಿಡಿದು, “ಸುಮ್ನಿರೋ, ಭಾವ ನಾಡಿ ಹಿಡೀತಿದಾರೆ” ಎಂದು ಕಿವಿಯಲ್ಲಿ ಹೇಳಿದ. ಮರುದಿನದಿಂದ ವೆಲ್ಡರ್ ಆ ಹೊತ್ತಿಗೆ ತಲೆಯ ಮೇಲಿನ ಹೆಲ್ಮೆಟ್ ತೆಗೆದು ನಿಲ್ಲತೊಡಗಿದ.

ಆ ಕೈಯ ಮಹಿಮೆ ಪಂಪ್‌ಹೌಸಿನ ಗೋಡೆ ದಾಟಿ ಹೋಗಿತ್ತು. ಒಮ್ಮೆ ಭಾವ ಬಸ್ಸು ಹತ್ತಿ, ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಕೈ ಇಟ್ಟು, ಮರುಕ್ಷಣವೇ ಇಳಿದುಬಿಟ್ಟರಂತೆ. ಬಸ್ಸು ಎರಡು ಸ್ಟಾಪು ದಾಟಿ ಕೆಟ್ಟು ನಿಂತಿತಂತೆ. ಇನ್ನೊಮ್ಮೆ, ಜ್ವರ ಎಂದು ಮುಸುಕು ಹೊದ್ದು ಮಲಗಿದ ಮಗಳ ಹಣೆ ಮುಟ್ಟಿ, “ಇದು ಗಣಿತದ ಪರೀಕ್ಷೆ, ಎದ್ದೇಳು” ಅಂದರಂತೆ. ಸಾಹೇಬರ ಮೇಜಿನ ಮೇಲಿನ ಟೀ ಲೋಟವನ್ನು ಮುಟ್ಟಿದ್ದು, ಸಾಹೇಬರು ಅದನ್ನು ಕುಡಿಯದೆ ಬಿಟ್ಟದ್ದು, ಆಮೇಲೆ ಅದರಲ್ಲಿ ನೊಣ ಸಿಕ್ಕಿದ್ದು, ಹೀಗೆ ಇನ್ನೂ ಹಲವು ಕಥೆಗಳಿದ್ದವು. ನೊಣವನ್ನು ಕೈ ಹೇಗೆ ಕಂಡುಹಿಡಿಯಿತು ಎಂದು ಯಾರೂ ಕೇಳಲಿಲ್ಲ. ಇಂಥ ವಿಷಯಗಳಲ್ಲಿ ಪ್ರಶ್ನೆ ಕೇಳುವವನು ಊಟದ ಪಂಕ್ತಿಯಲ್ಲಿ ಒಂಟಿಯಾಗುತ್ತಾನೆ.

ಅವರು ನಿಜವಾಗಿ ಭಾವನಾಗಿದ್ದದ್ದು ನನಗೊಬ್ಬನಿಗೆ. ನನ್ನ ಅಕ್ಕನ ಗಂಡ. ನಾನು ಅದೇ ಪಂಪ್‌ಹೌಸಿನಲ್ಲಿ ಅರ್ಧ ಗಂಟೆಗೊಮ್ಮೆ ಮೀಟರು ನೋಡಿ ಬೇರಿಂಗಿನ ಶಾಖವನ್ನು ಬರೆದಿಡುವವನು. ಅವರು ಎಣ್ಣೆಯವರು: ಯಂತ್ರಗಳಿಗೆ ಎಣ್ಣೆ ಹಾಕುವುದು, ಸೋಸುವುದು, ಬದಲಾಯಿಸುವುದು, ಸೋರಿದ್ದನ್ನು ಒರೆಸುವುದು. ನಾನು “ಭಾವ, ಭಾವ” ಎಂದು ಕೂಗುತ್ತಿದ್ದದ್ದು ಕೇಳಿ ಕೇಳಿ ಎಲ್ಲರ ಬಾಯಿಗೂ ಅದೇ ಹತ್ತಿತು. ಅಕ್ಕತಂಗಿಯರೇ ಇಲ್ಲದವರಿಗೂ ಭಾವ, ಅಪ್ಪನ ವಯಸ್ಸಿನ ವಾಚ್‌ಮನ್‌ಗೂ ಭಾವ. ಕೊನೆಗೆ ಸಾಹೇಬರೇ ಒಂದು ದಿನ ಬಾಯಿತಪ್ಪಿ ಭಾವ ಅಂದು, ಕೆಮ್ಮಿ, ಗಂಟಲು ಕೆಟ್ಟವರಂತೆ ನಟಿಸಿದರು.

ಈಗ ಈ ವೀರಪುರುಷನ ಬಗ್ಗೆ ಮನೆಯವರಿಗೆ ಮಾತ್ರ ಗೊತ್ತಿದ್ದ ಒಂದು ಸತ್ಯ ಹೇಳಿಬಿಡುತ್ತೇನೆ. ಭಾವ ಮಹಾ ಪುಕ್ಕಲರು.

ಅವರ ಹೆದರಿಕೆಗೆ ಪಕ್ಷಪಾತವಿರಲಿಲ್ಲ. ನಾಯಿಗೆ ಎಷ್ಟೋ ನಾಯಿಯ ಯಜಮಾನನಿಗೂ ಅಷ್ಟೇ. ಏಣಿ, ಹಲ್ಲಿ, ಲಿಫ್ಟು, ಅಂಚೆಯಲ್ಲಿ ಬರುವ ಉದ್ದ ಲಕೋಟೆ, ಊಟದ ಹೊತ್ತಿಗೆ ಹೊಡೆದುಕೊಳ್ಳುವ ಫೋನು, ಎಲ್ಲಕ್ಕೂ ಅವರ ಎದೆಯಲ್ಲಿ ಜಾಗವಿತ್ತು. ಬಸ್ಸಿನಿಂದ ಇಳಿದದ್ದೂ ಎಂಜಿನ್ ಕೆಟ್ಟಿದೆ ಎಂದಲ್ಲ. ಡ್ರೈವರನೂ ಕಂಡಕ್ಟರನೂ ಜಗಳವಾಡುತ್ತಿದ್ದರು. “ನಿನ್ನ ಭಾವನಿಗೆ ಹೆದರಿಕೆ ಆದ್ರೆ ಮುಖ ನೋಡಿದ್ರೆ ಗೊತ್ತಾಗಲ್ಲ ಕಣೋ,” ಎನ್ನುತ್ತಿದ್ದಳು ಅಕ್ಕ. “ಕೈ ಮುಟ್ಟಿ ನೋಡಬೇಕು. ಐಸ್‌ಗಡ್ಡೆ. ಇವರು ಹೆದರದೆ ಹೋಗೋ ಜಾಗ ಅಂದ್ರೆ ಹಾಸಿಗೆ ಒಂದೇ. ಅದೂ ಮಂಚದ ಕೆಳಗೆ ನೋಡಿದ ಮೇಲೆ.”

ಇಂಥವರು ಇಪ್ಪತ್ತಾರು ವರ್ಷ ಎರಡು ದೈತ್ಯ ಪಂಪುಗಳ ನಡುವೆ ಬದುಕಿದ್ದು ಹೇಗೆ? ಹೆದರಿಕೆಯಿಂದಲೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮುದುಕ ಎಣ್ಣೆಯವನು ಅವರಿಗೆ ಪಾಠ ಹೇಳಿಕೊಟ್ಟಿದ್ದನಂತೆ. ಆ ಮುದುಕನ ಮಾತನ್ನು ಭಾವ ನಮಗೆ ನೂರು ಸಲ ಒಪ್ಪಿಸಿದ್ದಾರೆ; ಮುದುಕನ ಕೆಮ್ಮನ್ನೂ ಬಿಡದೆ.

“ಆ ತಿರುಗೋ ಶಾಫ್ಟು ಬೇರಿಂಗ್ ಮೇಲೆ ಕೂತಿದೆ ಅಂತ ಎಲ್ಲರೂ ತಿಳ್ಕೊಂಡಿದಾರೆ ಕಣಪ್ಪ. ಕೂತಿಲ್ಲ. ತೇಲ್ತಿದೆ. ಎರಡರ ಮಧ್ಯೆ ಕೂದಲಿಗಿಂತ ತೆಳ್ಳಗೆ ಒಂದು ಎಣ್ಣೆ ಪದರ ಇದೆ. ಅದು ಇರೋವರೆಗೂ ಉಕ್ಕು ಬೇರಿಂಗನ್ನ ಮುಟ್ಟಲ್ಲ. ಮುಟ್ಟದಿದ್ರೆ ಸವೆಯಲ್ಲ. ಸವೆಯದಿದ್ರೆ ನೀನೂ ನಾನೂ ಸತ್ರೂ ಬೇರಿಂಗ್ ಸಾಯಲ್ಲ.”

“ಮತ್ತೆ ಇಷ್ಟೊಂದು ಬೇರಿಂಗು ಯಾಕೆ ಸಾಯ್ತವೆ?” ಎಂದು ಕೇಳಿದ್ದರಂತೆ ಭಾವ.

“ಭಾರಕ್ಕಲ್ಲ. ಬಾಯಾರಿಕೆಗೆ.”

ನಮ್ಮ ಪಂಪಿನ ಎಣ್ಣೆಯ ಸಂಸಾರ ಹೀಗಿತ್ತು. ನೆಲದ ಕೆಳಗಿನ ತೊಟ್ಟಿಯಿಂದ ಒಂದು ಸಣ್ಣ ಪಂಪು ಎಣ್ಣೆಯನ್ನು ಎತ್ತಿ ಕೂಲರಿಗೆ ತಳ್ಳುತ್ತದೆ. ಕೂಲರಿನ ತಾಮ್ರದ ಕೊಳವೆಗಳಲ್ಲಿ ಹೊಳೆಯ ನೀರು ಹರಿಯುತ್ತಿರುತ್ತದೆ. ಎಣ್ಣೆ ಅವುಗಳ ಸುತ್ತ ಹಾದು ತನ್ನ ಬಿಸಿ ಕಳೆದುಕೊಂಡು, ಆ ಮಣಿಕಟ್ಟು ದಪ್ಪದ ಪೈಪಿನಲ್ಲಿ ಬೇರಿಂಗಿಗೆ ಹೋಗುತ್ತದೆ. ಅಲ್ಲಿ ಶಾಫ್ಟನ್ನು ಹೊರುವುದೂ ಅದೇ, ಒಳಗೆ ಹುಟ್ಟಿದ ಬಿಸಿಯನ್ನೆಲ್ಲ ಹೊತ್ತು ಹೊರಗೆ ಸಾಗಿಸುವುದೂ ಅದೇ. ತುಂಬಿದ ಮನೆಯ ಹಿರಿಸೊಸೆಯ ಹಾಗೆ. ಮತ್ತೆ ತೊಟ್ಟಿಗೆ ಬಂದು, ಉಸಿರು ಬಿಡುವಷ್ಟರಲ್ಲಿ ಮತ್ತೆ ಸುತ್ತು. ಎಣ್ಣೆ ಕಾದರೆ ನೀರಿನಂತೆ ತೆಳುವಾಗಿ ಆ ಪದರ ಕಿತ್ತುಹೋಗುತ್ತದೆ, ಉಕ್ಕು ಬೇರಿಂಗಿಗೆ ತಾಗುತ್ತದೆ, ಅಲ್ಲಿಗೆ ಮುಗಿಯಿತು. “ಎಣ್ಣೆಗೆ ಮೈ ಬೆಚ್ಚಗಿರಬೇಕು, ಜ್ವರ ಇರಬಾರದು” ಎಂದಿದ್ದನಂತೆ ಮುದುಕ. ಅವನ ಮಾತಿನ ಎರಡನೇ ಅರ್ಧವನ್ನು ಎಲ್ಲರೂ ನೆನಪಿಟ್ಟುಕೊಂಡರು. ಮೊದಲ ಅರ್ಧವನ್ನು ಯಾರೂ ಗಮನಿಸಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಎರಡನೇ ಪಂಪಿಗೆ ಜ್ವರ ಬಂತು. ಅದರ ಕೂಲರಿನ ಕೊಳವೆಗಳಲ್ಲಿ ಹೊಳೆಯ ಕೆಸರೂ ಪಾಚಿಯೂ ಕಟ್ಟಿಕೊಂಡಿದ್ದವು. ತೊಳೆಯಬೇಕು ಎಂದು ಭಾವ ಮೂರು ಸಲ ಫೋರ್‌ಮನ್‌ಗೆ ಹೇಳಿದರು. ಫೋರ್‌ಮನ್ ಎಂದರೆ ಬಾಗಿಲಿನಷ್ಟು ಎದೆ, ಆ ಬಾಗಿಲು ಬಡಿದಂಥ ದನಿ. ಹಾಗಾಗಿ ಭಾವ ಹೇಳಿದ್ದು ಅವರಿಗೆ ಕೇಳಿಸುವಷ್ಟು ಜೋರಾಗಿತ್ತೋ ಇಲ್ಲವೋ ನನಗೆ ಇಂದಿಗೂ ಅನುಮಾನ. ಒಂದು ಮಧ್ಯಾಹ್ನ ಸುಟ್ಟ ಎಣ್ಣೆಯ ನಾತ ಬಂತು, ಪಂಪು ಹಲ್ಲು ಕಡಿದಂತೆ ಸದ್ದು ಮಾಡಿತು, ನಿಂತಿತು. ಬಿಚ್ಚಿ ನೋಡಿದರೆ ಬೇರಿಂಗಿನೊಳಗಿನ ಬಿಳಿ ಲೋಹ ಮೇಣದಂತೆ ಕರಗಿ ಹರಿದಿತ್ತು.

ವಿಚಾರಣೆ ನಡೆಯಿತು. ಮೂರು ಕುರ್ಚಿ, ಒಂದು ಫ್ಯಾನು, ನಿಂತಿದ್ದವರು ಭಾವ ಒಬ್ಬರೇ. ಫೋರ್‌ಮನ್ ಬರೆದ ವರದಿಯಲ್ಲಿ ಕಾರಣದ ಜಾಗದಲ್ಲಿ ಎರಡೇ ಪದ: ಎಣ್ಣೆಯವನ ಅಜಾಗರೂಕತೆ. ಇನ್ನೊಂದು ಬೇರಿಂಗು ಹೋದರೆ ಭಾವ ಮನೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಯಾವ ಮನೆಗೆ ಎಂದು ತೀರ್ಮಾನವಾಗಲಿಲ್ಲ. ಅವರಿದ್ದ ಎರಡು ಕೋಣೆಯ ಕ್ವಾರ್ಟರ್ಸೂ ಪಂಪ್‌ಹೌಸಿನದೇ, ಕೆಲಸ ಹೋದರೆ ಅದೂ ಹೋಗುತ್ತಿತ್ತು.

ಆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಅಕ್ಕನ ಸ್ಟೀಲ್ ಲೋಟಗಳ ಸಾಲಿತ್ತು. ಪಂಪು ನಡೆಯುವಾಗ ನೆಲದ ನಡುಕಕ್ಕೆ ಅವು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಎರಡನೇ ಪಂಪು ಸತ್ತ ಮಧ್ಯಾಹ್ನ ಅರ್ಧದಷ್ಟು ಕಿಣಿಕಿಣಿ ನಿಂತುಹೋಯಿತು; ಯಾರೂ ಬಂದು ಹೇಳುವ ಮೊದಲೇ ಅಕ್ಕನಿಗೆ ಗೊತ್ತಾಗಿತ್ತು. ವಿಚಾರಣೆಯ ದಿನ ಅವಳು ಅಟ್ಟದಿಂದ ಟ್ರಂಕು ಇಳಿಸಿ, ಚಳಿಗಾಲದ ಬಟ್ಟೆಗಳನ್ನು ಅದರಲ್ಲಿ ತುಂಬಿ, ಬಾಗಿಲ ಹಿಂದೆ ಇಟ್ಟಳು. “ಇರ್ಲಿ ಬಿಡು. ಕೊನೇ ಗಳಿಗೇಲಿ ಯಾರು ಹುಡುಕ್ತಾರೆ?” ಎಂದಳು. ಅಂದಿನಿಂದ ಭಾವ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಟ್ರಂಕು ಕಾಣದಿರಲಿ ಎಂದು ಸಂದಿಯಲ್ಲೇ ನುಸುಳಿ ಒಳಗೆ ಹೋಗುತ್ತಿದ್ದರು.

ಫೋರ್‌ಮನ್‌ಗೂ ಹೆದರಿಕೆಯಾಗಿತ್ತು. ಹೆದರಿದವನ ಕೈಗೆ ಅಧಿಕಾರವಿದ್ದರೆ ಅವನು ಮೊದಲು ಹುಡುಕುವುದು ಬೀಗ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವಂತೆ, ಅವರು ಉಳಿದ ಒಂದನೇ ಪಂಪಿನ ಕೂಲರನ್ನು ಬಿಚ್ಚಿಸಿ, ತಾಮ್ರದ ಕೊಳವೆಗಳನ್ನು ಮದುವೆಮನೆಯ ಪಾತ್ರೆಗಳಂತೆ ಬೆಳಗಿಸಿದರು. ಹೊಳೆನೀರು ಒಳಬರುವ ವಾಲ್ವನ್ನು ಕೊನೆಯ ಸುತ್ತಿನವರೆಗೂ ತೆರೆದರು. ಯಾರೂ ಅದನ್ನು ಮುಚ್ಚದಿರಲೆಂದು ವಾಲ್ವಿನ ಚಕ್ರವನ್ನೇ ಕಳಚಿ, ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

“ಇನ್ನು ಈ ಬೇರಿಂಗ್ ಹೇಗೆ ಕಾಯುತ್ತೋ ನಾನೂ ನೋಡ್ತೀನಿ!” ಎಂದರು.

ನೋಡುವ ದಿನ ಏಳು ತಿಂಗಳ ಮೇಲೆ ಬಂತು.

ಅಷ್ಟರಲ್ಲಿ ಎರಡನೇ ಪಂಪಿಗೆ ಹೊಸ ಬೇರಿಂಗು ಬೇಕೆಂದು ಬರೆದ ಪತ್ರಗಳಿಗೆ ಉತ್ತರ ಬರುತ್ತಲೇ ಇತ್ತು, ಬೇರಿಂಗು ಮಾತ್ರ ಬರುತ್ತಿರಲಿಲ್ಲ. ಊರಿನ ಎತ್ತರದ ಭಾಗಕ್ಕೆಲ್ಲ ನೀರು ಏರಿಸುತ್ತಿದ್ದದ್ದು ಒಂದನೆಯದೊಂದೇ. ಅದರ ಬೇರಿಂಗಿನ ಶಾಖ ಎಪ್ಪತ್ತೈದು ಡಿಗ್ರಿ ಮುಟ್ಟಿದರೆ ಗಂಟೆ ಹೊಡೆಯುತ್ತದೆ; ಎಂಬತ್ತು ಮುಟ್ಟಿದರೆ ಪಂಪು ನಿಲ್ಲಿಸಲೇಬೇಕು; ನಿಲ್ಲಿಸಿದರೆ ಬೇರಿಂಗು ಬಿಚ್ಚಿ ನೋಡದೆ ಮತ್ತೆ ನಡೆಸುವಂತಿಲ್ಲ. ಬಿಚ್ಚುವ ತಂಡ ಬಂದು ಕೆಲಸ ಮುಗಿಸಲು ಹದಿನೈದು ದಿನ. ಅಷ್ಟು ದಿನ ಅರ್ಧ ಊರು ಒಣ ನಲ್ಲಿಯ ಮುಂದೆ ಕೊಡ ಇಟ್ಟು ನಮ್ಮ ಏಳು ತಲೆಮಾರನ್ನು ನೆನೆಯುತ್ತದೆ. ಭಾವನಿಗಂತೂ ಟ್ರಂಕು ಸಿದ್ಧವಾಗಿತ್ತು.

ಆ ಬೆಳಿಗ್ಗೆ ಇದ್ದಕ್ಕಿದ್ದಂತೆ ಚಳಿ ಇಳಿದಿತ್ತು. ಹೊಳೆಯ ಮೇಲೆ ಮಂಜು ದಪ್ಪಗೆ ಕೂತಿತ್ತು. ನಲ್ಲಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆರು ಗಂಟೆಗೆ ನಾನು ಮೀಟರು ನೋಡಿದೆ. ದಿನವೂ ಐವತ್ತೈದರ ಆಸುಪಾಸಿನಲ್ಲಿರುವ ಬೇರಿಂಗು ಅರವತ್ತೆರಡರಲ್ಲಿತ್ತು. ಕಣ್ಣುಜ್ಜಿ ಮತ್ತೆ ನೋಡಿದೆ. ಅರವತ್ತೆರಡೇ.

ಭಾವ ಮೆಟ್ಟಿಲು ಇಳಿದು ಬಂದರು. ಫಿಟ್ಟರುಗಳು ದಾರಿ ಬಿಟ್ಟರು, ವೆಲ್ಡರ್ ಹೆಲ್ಮೆಟ್ ತೆಗೆದ. ಭಾವ ಎರಡೂ ಕೈಗಳಿಂದ ಪೈಪು ಹಿಡಿದರು. ಹಿಡಿದವರು ತಟ್ಟನೆ ಬಿಟ್ಟುಬಿಟ್ಟರು.

ಇದು ಹಿಂದೆಂದೂ ಆಗಿರಲಿಲ್ಲ. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಮತ್ತೆ ಪೈಪು ಹಿಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಅವರ ಮುಖ ಕಂಡು ಹಿರಿಯ ಫಿಟ್ಟರ್ ಒಂದು ಹೆಜ್ಜೆ ಹಿಂದೆ ಸರಿದ. “ನಾಡಿ ಸಿಗ್ತಿಲ್ಲ,” ಎಂದ ಅವನು ಪಿಸುದನಿಯಲ್ಲಿ, ಒಳಗೆ ಯಾರೋ ಹೋಗಿಬಿಟ್ಟರು ಎನ್ನುವ ಧಾಟಿಯಲ್ಲಿ.

ಆರೂವರೆಗೆ ಅರವತ್ತಾರು. ಏಳಕ್ಕೆ ಎಪ್ಪತ್ತು. ನನ್ನ ಪೆನ್ನು ಅಂಕಿ ಬರೆಯಲು ಒಪ್ಪುತ್ತಿರಲಿಲ್ಲ. ಫೋರ್‌ಮನ್ ಬಂದವರೇ ಮೀಟರು ನೋಡಿ ಬಿಳಿಚಿಕೊಂಡರು. ಮರುಕ್ಷಣ ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಕಡೆ ಬೆರಳು ಚಾಚಿ ಅಬ್ಬರಿಸಿದರು. ಅದರ ಮುಳ್ಳು ನಾವು ಎಂದೂ ಕಾಣದ ಎತ್ತರದಲ್ಲಿ ನಿಂತಿತ್ತು.

“ಒತ್ತಡ ನೋಡ್ರೋ ಹೇಗಿದೆ! ಎಣ್ಣೆ ಧುಮುಕ್ತಿದೆ ಒಳಗೆ! ಎಣ್ಣೆದೇನೂ ತಪ್ಪಿಲ್ಲ. ನೀರು ಸಾಲ್ತಿಲ್ಲ. ಇನ್ನೂ ನೀರು ಬಿಡಿ!”

“ಪೂರ್ತಿ ಬಿಟ್ಟಿದೆ ಸಾರ್,” ಎಂದೆ. “ನೀವೇ ಬಿಟ್ಟಿದ್ದು.”

“ಹಾಗಾದ್ರೆ ಹೊರಗಡೆಯಿಂದ ಹಾಕಿ! ರಬ್ಬರ್ ಪೈಪ್ ತನ್ನಿ, ಕೂಲರ್ ಮೇಲೇ ಸುರೀರಿ!”

ಸುರಿದರು. ಬೇಡವೆನ್ನಲು ಯಾರಿಗೂ ಧೈರ್ಯವಿರಲಿಲ್ಲ, ಸುರಿಯಲೂ ಧೈರ್ಯವಿರಲಿಲ್ಲ. ಆದರೆ ಸುರಿಯುವುದು ಸುಲಭ. ಹೊಳೆಯ ಕೊರೆಯುವ ನೀರು ಕೂಲರಿನ ಮೇಲೆ ಬಿದ್ದು ಹಾರಿ ನಮ್ಮ ಕಾಲೆಲ್ಲ ಒದ್ದೆಯಾಯಿತು. ಬೇರಿಂಗು ಎಪ್ಪತ್ತೆರಡಕ್ಕೆ ಏರಿತು. ನೀರು ಸುರಿದಷ್ಟೂ ಏರುತ್ತಿತ್ತು. ಫೋರ್‌ಮನ್ ಸಾಹೇಬರಿಗೆ ಫೋನು ಮಾಡಿದರು. ಅವರ ಬಾಗಿಲಿನಂಥ ದನಿ ಅಂದು ಕಿಟಕಿಯಷ್ಟಾಗಿತ್ತು.

ಭಾವ ಮಾತ್ರ ಬೇರಿಂಗಿನ ಕೆಳಗೆ ಮಂಡಿಯೂರಿ ಕೂತಿದ್ದರು. ಬೇರಿಂಗಿನಿಂದ ಹೊರಬರುವ ಎಣ್ಣೆಯನ್ನು ನೋಡಲು ಅಲ್ಲೊಂದು ಗಾಜಿನ ಕಿಂಡಿಯಿದೆ. ವರ್ಷಗಳ ಜಿಡ್ಡಿಗೆ ಅದು ಕಂದಾಗಿ, ನಾವೆಲ್ಲ ಅದನ್ನು ಮರೆತೇಬಿಟ್ಟಿದ್ದೆವು. ಅವರು ತೋಳಿನ ಬಟ್ಟೆಯಿಂದ ಅದನ್ನು ತಿಕ್ಕಿದರು. ಬಗ್ಗಿ ನೋಡಿದೆ. ಹೆಬ್ಬೆರಳು ದಪ್ಪಕ್ಕೆ ಬೀಳಬೇಕಾದ ಎಣ್ಣೆ ಸೂಜಿಗೆ ಪೋಣಿಸುವ ದಾರದಷ್ಟು ಬೀಳುತ್ತಿತ್ತು.

ಭಾವ ಎದ್ದು ಇನ್ನೊಂದು ಪೈಪನ್ನು ಮುಟ್ಟಿದರು. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಂಡು, ಎಣ್ಣೆಯನ್ನು ಕೂಲರಿಗೆ ಬಿಡದೆ ತೊಟ್ಟಿಗೇ ಹಿಂದಿರುಗಿಸುವ ವಾಲ್ವಿನ ಪೈಪು ಅದು. ಸಾಮಾನ್ಯವಾಗಿ ಅದು ತಣ್ಣಗೆ ಖಾಲಿ ಬಿದ್ದಿರುತ್ತದೆ. ಈಗ ಬೆಚ್ಚಗೆ, ತುಂಬಿ ಹರಿಯುತ್ತಿತ್ತು.

“ಎಣ್ಣೆ ಬೇರಿಂಗಿಗೆ ಹೋಗ್ತಿಲ್ಲ,” ಎಂದರು ಭಾವ. “ದಾರಿಯಿಂದಲೇ ವಾಪಸ್ ಬರ್ತಿದೆ. ಕೂಲರ್‌ನಲ್ಲಿ ತುಂಬಾ ತಣ್ಣಗಾಗಿ, ಜೇನಿನ ಥರ ಗಟ್ಟಿಯಾಗಿಬಿಟ್ಟಿದೆ. ಮುಂದಕ್ಕೆ ಹೋಗೋಕೆ ಆಗ್ತಿಲ್ಲ ಅದಕ್ಕೆ. ಅದಕ್ಕೇ ಒತ್ತಡ ಅಷ್ಟಿರೋದು.”

ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎನ್ನುತ್ತಾರಲ್ಲ, ಹಾಗೆ ತೊಟ್ಟಿ ತುಂಬ ಎಣ್ಣೆಯಿಟ್ಟುಕೊಂಡು ಬೇರಿಂಗು ಬಾಯಾರಿ ಸಾಯುತ್ತಿತ್ತು.

“ಈಗ ಏನು ಮಾಡಬೇಕಂತೀಯ?” ಎಂದರು ಫೋರ್‌ಮನ್.

“ಹೊಳೆನೀರು ಕಡಿಮೆ ಮಾಡಬೇಕು.”

ರಬ್ಬರ್ ಪೈಪು ಹಿಡಿದಿದ್ದವನು ತಿರುಗಿ ಭಾವನ ಮುಖ ನೋಡಿದ.

“ಮನೆಗೆ ಬೆಂಕಿ ಬಿದ್ದಾಗ ಬಾವಿಗೆ ಮುಚ್ಚಳ ಹಾಕು ಅಂತೀಯಲ್ಲಯ್ಯಾ!” ಫೋರ್‌ಮನ್ ಕಿರುಚಿದರು. “ಅಷ್ಟು ಕಾದಿದೆ ಅದು! ನೀರು ನಿಲ್ಲಿಸಿದ್ರೆ ಭಗ್ ಅನ್ನುತ್ತೆ. ಆಮೇಲೆ ವರದಿ ಯಾರು ಬರೀತಾರೆ?”

“ನೀವೇ ಬರೀತೀರಿ ಸಾರ್. ಹೋದ ಸಲವೂ ನೀವೇ ಬರೆದ್ರಿ.” ಭಾವನ ಬಾಯಿಂದ ಇಂಥ ಮಾತು ಬಂದದ್ದು ಕೇಳಿ ಭಾವನೇ ಬೆಚ್ಚಿದರು. “ಚಕ್ರ ಕೊಡಿ.”

“ಕೊಡಲ್ಲ.”

“ಹಾಗಾದ್ರೆ ಪಂಪ್ ನಿಲ್ಸಿಬಿಡಿ.”

“ನಿಲ್ಸಲ್ಲ!”

ಪಾಪ, ಫೋರ್‌ಮನ್‌ರದು ದುಷ್ಟತನವಲ್ಲ. ಹೆದರಿದ ಮನುಷ್ಯನಿಗೆ ಮಾಡುವುದೂ ಕಷ್ಟ, ಬಿಡುವುದೂ ಕಷ್ಟ. ಅವರ ಕೈ ಕೀಲಿಯಿದ್ದ ಜೇಬಿನ ಬಾಯಿಯವರೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತ್ತು. ಎಪ್ಪತ್ತನಾಲ್ಕು.

ಭಾವ ಗೋಡೆಯ ಮೊಳೆಯಿಂದ ದೊಡ್ಡ ಪೈಪ್ ಸ್ಪ್ಯಾನರ್ ಇಳಿಸಿಕೊಂಡರು. ಚಕ್ರವಿಲ್ಲದ ವಾಲ್ವಿನ ಬೋಳು ಕಡ್ಡಿಗೆ ಅದನ್ನು ಕಚ್ಚಿಸಲು ನೋಡಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಟಣಟಣಟಣ ಎಂದು ಶಾಲೆಯ ಗಂಟೆಯಂತೆ ಹೊಡೆದುಕೊಂಡಿತು. ಇತಿಹಾಸದ ವೀರರು ಖಡ್ಗ ಹಿಡಿದಾಗಲೂ ಇಂಥ ಸದ್ದು ಬರುತ್ತಿತ್ತೇನೋ. ಹಾಡು ಕಟ್ಟಿದವರು ಅದನ್ನು ರಣಭೇರಿ ಎಂದು ಬರೆದಿರಬೇಕು.

“ಬಾರೋ ಇಲ್ಲಿ,” ಎಂದರು ನನ್ನ ಕಡೆ ತಿರುಗಿ. “ಹಿಡ್ಕೋ. ನನಗೆ ನಿಲ್ತಿಲ್ಲ.”

“ನಾನಾ? ಭಾವ, ನನಗೂ ಹೆಂಡ್ತಿ ಮಕ್ಕಳಿದಾರೆ!”

“ನನ್ನ ಹೆಂಡ್ತಿ ನಿಮ್ಮಕ್ಕ ಕಣೋ. ಟ್ರಂಕ್ ತಗೊಂಡು ಸೀದಾ ನಿನ್ನ ಮನೆಗೇ ಬರ್ತಾಳೆ.”

ಹಿಡಿದೆ. ವರದಿಯಲ್ಲಿ ಈಗ ಎರಡು ಹೆಸರು ಎಂದುಕೊಂಡು ಹಿಡಿದೆ. ಒಂದು ಸುತ್ತು, ಎರಡು ಸುತ್ತು. ಏಳು ಸುತ್ತಿಗೆ ಭಾವ, “ಸಾಕು, ಪೂರ್ತಿ ಮುಚ್ಚಬಾರದು” ಎಂದರು. ರಬ್ಬರ್ ಪೈಪು ಹಿಡಿದಿದ್ದವನ ಕಡೆ ನೋಡಿದರು. ಅವನು ಅದನ್ನು ಹಾವಿನಂತೆ ಕೆಳಗೆ ಎಸೆದ. ಅದೇ ಗಳಿಗೆಗೆ ತಲೆಯ ಮೇಲೆ ಗಂಟೆ ಹೊಡೆಯತೊಡಗಿತು. ಎಪ್ಪತ್ತೈದು.

ಗಂಟೆಯ ಸದ್ದಿಗೆ ಸರಿಯಾಗಿ ಸಾಹೇಬರು ಮೆಟ್ಟಿಲ ಮೇಲೆ ಕಾಣಿಸಿಕೊಂಡರು. ಕತ್ತಿಗೆ ಮಫ್ಲರು, ಒಂದು ಕಾಲಿಗೆ ಮಾತ್ರ ಸಾಕ್ಸು. ಫೋರ್‌ಮನ್ ಓಡಿಹೋಗಿ, “ಸಾರ್, ನೀರು ಮುಚ್ಚಿಬಿಟ್ಟಿದಾನೆ ಸಾರ್! ನಾನು ಬೇಡ ಅಂದೆ! ಇಷ್ಟೂ ಜನ ಸಾಕ್ಷಿ!” ಎಂದರು. ಸಾಹೇಬರು ಕೆಳಗಿಳಿದು ಬಂದು ಪಂಪು ನಿಲ್ಲಿಸುವ ಕೆಂಪು ಬಟನ್ನಿನ ಮೇಲೆ ಬೆರಳಿಟ್ಟು ನಿಂತರು.

“ಯಾರ ಅಪ್ಪಣೆ ಮೇಲೆ ಮುಚ್ಚಿದ್ದು?”

“ಯಾರದೂ ಅಲ್ಲ ಸಾರ್,” ಎಂದರು ಭಾವ. “ಕೂಲರ್ ಒಳಗಿನ ಎಣ್ಣೆ ಬೆಚ್ಚಗಾಗಬೇಕು. ಆಮೇಲೆ ಹರಿಯುತ್ತೆ. ಐದು ನಿಮಿಷ ಕೊಡಿ.”

“ಎಂಬತ್ತಕ್ಕೆ ನಾನು ಒತ್ತಿಬಿಡ್ತೀನಿ.”

“ಒತ್ತಿ ಸಾರ್. ಅಲ್ಲೀವರೆಗೆ ಬಿಡಿ.”

ಎಪ್ಪತ್ತಾರು.

ಆಗ ಫೋನು ಹೊಡೆದುಕೊಂಡಿತು. ಹತ್ತಿರವಿದ್ದವನು ನಾನೇ, ಎತ್ತಿದೆ. ಅಕ್ಕ.

“ಲೋಟಗಳು ಬೇರೆ ಥರ ನಡುಗ್ತಿವೆ ಕಣೋ. ಏನಾಗಿದೆ ಅಲ್ಲಿ?”

“ಏನಿಲ್ಲ ಅಕ್ಕ.”

“ಸುಳ್ಳು ಹೇಳಬೇಡ. ಗಂಟೆ ಕೇಳಿಸ್ತಿದೆ. ಇವರೆಲ್ಲಿ?”

“ಇದಾರೆ. ಮಂಡಿಯೂರಿ ಕೂತಿದಾರೆ.”

ನಾನು ಒಂದು ಕಿವಿ ಮುಚ್ಚಿಕೊಂಡು ಫೋನನ್ನು ಇನ್ನೊಂದಕ್ಕೆ ಒತ್ತಿ ಹಿಡಿದೆ. ಅವಳ ಹಿಂದೆ ಲೋಟಗಳ ಕಿಣಿಕಿಣಿ ನನಗೂ ಕೇಳಿಸಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು: “ಟ್ರಂಕ್ ತೆಗೀಲೋ ಬೇಡ್ವೋ, ಅಷ್ಟು ಹೇಳು.”

ನಾನು ಮೀಟರು ನೋಡಿದೆ. ಎಪ್ಪತ್ತೆಂಟು. “ಐದು ನಿಮಿಷ ತಡಿ” ಎಂದು ಇಟ್ಟೆ.

ಜೀವಮಾನದಲ್ಲಿ ನಾನು ಅಂಥ ಐದು ನಿಮಿಷ ಕಂಡಿಲ್ಲ. ಒದ್ದೆ ಕಾಲಿಗೆ ಚಳಿ ಏರುತ್ತಿತ್ತು. ಬೆನ್ನಿಗೆ ಬೆವರು ಇಳಿಯುತ್ತಿತ್ತು. ಬೇರಿಂಗಿನಿಂದ ಸಣ್ಣಗೆ ಎಣ್ಣೆ ಸೀದ ವಾಸನೆ ಬಂತು. ಎರಡನೇ ಪಂಪು ಸಾಯುವ ದಿನ ಬಂದಿತ್ತಲ್ಲ, ಅದೇ ವಾಸನೆ. ಹಿರಿಯ ಫಿಟ್ಟರ್ ತಲೆ ತಗ್ಗಿಸಿ ಏನೋ ಗೊಣಗುತ್ತಿದ್ದ. ಫೋರ್‌ಮನ್ ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿದ್ದರು. ಮೀಟರಿನ ಮುಳ್ಳು ಎಪ್ಪತ್ತೊಂಬತ್ತಕ್ಕೆ ಬಂತು. ಸಾಹೇಬರ ಬೆರಳಿನ ಉಗುರು ಕೆಂಪು ಬಟನ್ನಿನ ಮೇಲೆ ಬೆಳ್ಳಗಾಗಿತ್ತು.

ಭಾವ ಮೀಟರು ನೋಡುತ್ತಿರಲಿಲ್ಲ. ಗಾಜಿನ ಕಿಂಡಿಗೆ ಮೂಗು ತಾಗಿಸಿ ಕೂತಿದ್ದರು.

“ದಾರ,” ಎಂದರು.

ಯಾರಿಗೂ ಅರ್ಥವಾಗಲಿಲ್ಲ.

“ಹುರಿ,” ಎಂದರು. ಒಂದು ಉಸಿರು ಬಿಟ್ಟು, “ಕಿರುಬೆರಳು.” ಆಮೇಲೆ ಕೂಗಿಬಿಟ್ಟರು. “ಬರ್ತಿದೆ ಸಾರ್. ಒತ್ತಬೇಡಿ. ಬರ್ತಿದೆ, ಬರ್ತಿದೆ!”

ಒತ್ತಡದ ಮುಳ್ಳು ಇಳಿಯತೊಡಗಿತು. ಮುಳ್ಳು ಇಳಿದದ್ದು ಕಂಡು ಫೋರ್‌ಮನ್ “ಅಯ್ಯೋ, ಒತ್ತಡ ಹೋಯ್ತು!” ಎಂದು ಚೀರಿದರು. ಬೇರಿಂಗು ಎಪ್ಪತ್ತೊಂಬತ್ತರಲ್ಲೇ ನಿಂತಿತು. ನಿಂತೇ ಇತ್ತು. ನಾನು ಮೀಟರಿನ ಗಾಜನ್ನು ಬೆರಳಿನಿಂದ ಬಡಿದೆ. ಎಪ್ಪತ್ತೆಂಟು. ಎಪ್ಪತ್ತೇಳು. ಎಪ್ಪತ್ತನಾಲ್ಕಕ್ಕೆ ಇಳಿದಾಗ ಗಂಟೆ ತಾನಾಗಿ ಬಾಯಿ ಮುಚ್ಚಿತು. ಆ ಮೌನದಲ್ಲಿ, ಮೋಟರು ಕಿವಿ ಹರಿಯುವಂತೆ ಮೊರೆಯುತ್ತಿದ್ದರೂ ಅದು ಮೌನವೇ, ವೆಲ್ಡರ್ ಒಮ್ಮೆ ಜೋರಾಗಿ ಸೀನಿದ.

ನಾನು ಮೊದಲು ಮಾಡಿದ ಕೆಲಸ ಫೋನು ಎತ್ತಿದ್ದು. “ಬೇಡ ಅಕ್ಕ” ಎಂದೆ. ಅವಳು ತಟ್ಟನೆ ಇಟ್ಟುಬಿಟ್ಟಳು. ಟ್ರಂಕನ್ನು ಆಗಲೇ ಬಾಗಿಲ ಹೊರಗೆ ಎಳೆದಿಟ್ಟಿದ್ದಳೆಂದು ಸಂಜೆ ಗೊತ್ತಾಯಿತು.

ಒಂಬತ್ತು ಗಂಟೆಯ ಹೊತ್ತಿಗೆ ಬೇರಿಂಗು ಐವತ್ತಾರರಲ್ಲಿ, ಏನೂ ನಡೆದೇ ಇಲ್ಲ ಎನ್ನುವ ಮುಖ ಮಾಡಿಕೊಂಡು ನಡೆಯುತ್ತಿತ್ತು. ಸಾಹೇಬರು ಬಟನ್ನಿನಿಂದ ಬೆರಳು ತೆಗೆದು, ಮಡಿಸಲು ಬಾರದ ಆ ಬೆರಳನ್ನು ಇನ್ನೊಂದು ಕೈಯಿಂದ ಮಡಿಸಿಕೊಂಡರು. ಫೋರ್‌ಮನ್ ಕಡೆ ಕೈ ಚಾಚಿದರು. ಕೀಲಿ ಬಂತು, ಬೀರು ತೆರೆಯಿತು, ಚಕ್ರ ವಾಲ್ವಿಗೆ ಮರಳಿತು. “ಇವತ್ತಿನ ವರದಿ ನಾನೇ ಬರೀತೀನಿ,” ಎಂದರು ಸಾಹೇಬರು. “ಹೋದ ಸಲದ್ದನ್ನೂ ತೆಗೆದುಕೊಂಡು ಬನ್ನಿ. ಅದನ್ನೂ ಹೊಸದಾಗಿ ಬರೆಯೋದಿದೆ.” ಫೋರ್‌ಮನ್ ತಲೆಯಾಡಿಸಿದರು. ಅವರ ಎದೆ ಆ ದಿನ ಬಾಗಿಲಿನಷ್ಟಿರಲಿಲ್ಲ.

ಆಮೇಲೆ ಸಾಹೇಬರು ಭಾವನ ಎದುರು ಬಂದು ನಿಂತರು. ಸುದ್ದಿ ಹಬ್ಬಿ ವರ್ಕ್‌ಶಾಪಿನವರು, ವಾಚ್‌ಮನ್, ಆಫೀಸಿನ ಗುಮಾಸ್ತರು ಎಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಹಿರಿಯ ಫಿಟ್ಟರ್ ಕೈಕಟ್ಟಿಕೊಂಡಿದ್ದ. ವೆಲ್ಡರ್ ಹೆಲ್ಮೆಟ್ ಎದೆಗೆ ಒತ್ತಿಕೊಂಡಿದ್ದ.

“ಭಾವ,” ಎಂದರು ಸಾಹೇಬರು. ಈ ಸಲ ಕೆಮ್ಮಲಿಲ್ಲ. “ಇಷ್ಟು ಮೀಟರುಗಳಿವೆ. ಒಂದೂ ಹೇಳಲಿಲ್ಲ. ಬೇರಿಂಗ್ ಕಾಯ್ತಿರೋವಾಗ ಎಣ್ಣೆ ತಣ್ಣಗಾಗಿದೆ ಅಂತ ನಿಮ್ಮೊಬ್ಬರಿಗೇ ಗೊತ್ತಾಯ್ತು. ಪೈಪ್ ಮುಟ್ಟಿದ ಕೂಡಲೇ ಗೊತ್ತಾಯ್ತಂತೆ. ವರದೀಲಿ ಬರೀಬೇಕು, ಹೇಳಿ. ಆ ಕೈಗೆ ಏನು ತಿಳೀತು? ದಿನಾ ಅಲ್ಲಿ ನಿಂತು ಏನು ನೋಡ್ತೀರಿ?”

ಮೆಟ್ಟಿಲ ಮೇಲಿನವರೆಲ್ಲ ಮುಂದಕ್ಕೆ ಬಾಗಿದರು. ಭಾವ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು.

“ನೋಡೋದೇನೂ ಇಲ್ಲ ಸಾರ್,” ಎಂದರು. “ಹೆದರಿಕೆಗೆ ನನ್ನ ಕೈ ತಣ್ಣಗಾಗುತ್ತೆ. ಬಿಸಿ ಮಾಡ್ಕೊಳ್ಳೋಣ ಅಂತ ದಿನಾ ಆ ಪೈಪ್ ಹಿಡ್ಕೋತೀನಿ. ಇವತ್ತು ಅದು ನನ್ನ ಕೈಗಿಂತ ತಣ್ಣಗಿತ್ತು.”